ಬೆಳಗಿನ ಜಾವದ ಬೀದಿ

ಧ್ವನಿಯ ಮೂಲಕವೇ ನಿಮ್ಮ ಮನೆಯನ್ನು ಹೊಕ್ಕಿರುವ ನಾವು ಶಬ್ದವನ್ನು ಕುರಿತು ದೂರಲು ಹೊರಡುವುದು ಅಷ್ಟು ಸಭ್ಯವಾಗಿ ಕಾಣಲಾರದು. ಆದರೆ ನಮಗೂ ಬೀದಿಯ ಕೂಗಿಗೂ ಒಂದು ಭೇದವುಂಟು. ನಮ್ಮ ಮಾತು ಬೇಸರವಾದರೆ ನೀವು ಯಂತ್ರದ ಗುಂಡಿಯನ್ನು ತಿರುಗಿಸಿ ನಮ್ಮನ್ನು ಸುಮ್ಮನಾಗಿಸಬಹುದು. ಬೆಳಗಿನ ಜಾವ ಐದು ಗಂಟೆಗೆ ಕಿಟಕಿಯ ಕೆಳಗೆ ಕೂಗಿಕೊಂಡು ಹೋಗುವವನಿಗೆ ಅಂಥ ಗುಂಡಿಯಿಲ್ಲ. ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಅವನಿಗೆ ಶಾಪ ಹಾಕದ ಗೃಹಸ್ಥನು ನಮ್ಮ ನಗರಗಳಲ್ಲಿ ಇರಲಾರನು. ಈ ದಾರಿಹೋಕನಿಗೂ ಒಂದು ಚರಿತ್ರೆಯಿದೆ. ಅರಸರ ಚರಿತ್ರೆಯಷ್ಟು ಗಂಭೀರವಲ್ಲದಿದ್ದರೂ ಅದು ಅವರ ಚರಿತ್ರೆಗಿಂತ ನಮ್ಮ ಹಾಸಿಗೆಗೆ ಹತ್ತಿರವಾದದ್ದು.

ದಕ್ಷಿಣ ಇಟಲಿಯಲ್ಲಿ ಗ್ರೀಕರು ಕಟ್ಟಿದ್ದ ಸಿಬಾರಿಸ್ ಎಂಬ ಪಟ್ಟಣವು ಭೋಗಜೀವನಕ್ಕೆ ಹೆಸರಾಗಿತ್ತು. ಅಲ್ಲಿಯ ಜನ ಕಮ್ಮಾರ, ಬಡಗಿ ಮೊದಲಾದ ಸದ್ದಿನ ಕಸುಬಿನವರನ್ನು ಊರೊಳಗೆ ಇರಗೊಡಲಿಲ್ಲವೆಂದೂ, ಹುಂಜವನ್ನು ಸಾಕುವುದನ್ನು ಸಹ ನಿಷೇಧಿಸಿದ್ದರೆಂದೂ ಅಥೆನೇಯಸ್ ಎಂಬ ಗ್ರಂಥಕಾರನು ಬರೆದಿಟ್ಟಿದ್ದಾನೆ. ಕ್ರಿ. ಪೂ. ೫೧೦ರಲ್ಲಿ ನೆರೆಯ ಕ್ರೋಟನ್ ನಗರದವರು ಬಂದು ಆ ಪಟ್ಟಣವನ್ನು ನೆಲಸಮ ಮಾಡಿದರು. ಎಚ್ಚರಿಸಲು ಹುಂಜವಿಲ್ಲದ್ದೇ ಅದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ.

ರೋಮ್ ನಗರದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಇಕ್ಕಟ್ಟಾದ ಬೀದಿಗಳಲ್ಲಿ ಗಾಡಿಗಳ ದಟ್ಟಣೆಯನ್ನು ತಡೆಯುವುದಕ್ಕಾಗಿ, ಸೂರ್ಯೋದಯದಿಂದ ಇಳಿಹೊತ್ತಿನವರೆಗೆ ಗಾಡಿಗಳು ನಗರದೊಳಗೆ ಓಡಾಡಕೂಡದೆಂದು ಜೂಲಿಯಸ್ ಸೀಸರನ ಕಾಲದಲ್ಲಿ, ಕ್ರಿ. ಪೂ. ೪೫ರ ಸುಮಾರಿಗೆ, ಒಂದು ಕಾನೂನಾಯಿತು. ದೇವಾಲಯ ಕಟ್ಟುವ ಸಾಮಗ್ರಿಯ ಬಂಡಿ ಮೊದಲಾದ ಕೆಲವಕ್ಕೆ ಮಾತ್ರ ವಿನಾಯಿತಿಯಿತ್ತು. ಹಗಲೇನೋ ಹಗುರವಾಯಿತು. ಆದರೆ ನಗರವು ಉಣ್ಣುವುದನ್ನು ಬಿಡಲಿಲ್ಲವಷ್ಟೆ? ಹಗಲು ಬರಬೇಕಾಗಿದ್ದ ಗಾಡಿಗಳೆಲ್ಲ ರಾತ್ರಿಯಲ್ಲಿ, ನಸುಕಿನಲ್ಲಿ ಕಲ್ಲುಹಾಸಿನ ಮೇಲೆ ಗಡಗಡಿಸತೊಡಗಿದವು. ಮೂಲೆ ತಿರುವಿನಲ್ಲಿ ಸಿಕ್ಕಿಕೊಂಡ ಗಾಡಿಯವರ ಬೈಗುಳ ಬೇರೆ. ರಾತ್ರಿಯ ನೆಮ್ಮದಿಯು ಧನಿಕನಿಗೆ ಮಾತ್ರ ಲಭ್ಯವೆಂದು ಜುವೆನಾಲ್ ಕವಿಯು ಮುಂದೆ ತನ್ನ ವಿಡಂಬನ ಕಾವ್ಯದಲ್ಲಿ ಕಟುವಾಗಿ ದೂರಿದನು. ಅವನ ಸಮಕಾಲೀನನಾದ ಮಾರ್ಷಿಯಲ್ ಮೂರು ಉದ್ದುದ್ದ ಮೆಟ್ಟಿಲ ಸಾಲುಗಳನ್ನು ಹತ್ತಿ ಹೋಗಬೇಕಾದ ಮನೆಯಲ್ಲಿದ್ದವನು. ರಾತ್ರಿ ರೊಟ್ಟಿ ಸುಡುವವರು, ಬೆಳಗಾಗುವ ಮುಂಚೆ ಹುಡುಗರಿಗೆ ಗದರಿಸುವ ಉಪಾಧ್ಯಾಯರು, ಹಗಲೆಲ್ಲ ತಾಮ್ರ ಬಡಿಯುವವರು—ಇವರ ನಡುವೆ ಬದುಕುವುದೇ ಕಷ್ಟವೆಂಬುದು ಅವನ ಅಳಲು. ನಿದ್ದೆ ಬೇಕೆನಿಸಿದಾಗ ಅವನು ನೊಮೆಂಟಮ್ಮಿನಲ್ಲಿದ್ದ ತನ್ನ ತೋಟದ ಮನೆಗೆ ಹೋಗುತ್ತಿದ್ದನು. ತೋಟವಿಲ್ಲದವರು ಏನು ಮಾಡುತ್ತಿದ್ದರೆಂಬುದನ್ನು ಯಾವ ಕವಿಯೂ ಬರೆದಂತಿಲ್ಲ.

ಇಲ್ಲಿಂದ ಹದಿನಾರು ಶತಮಾನಗಳನ್ನು ದಾಟಿ ಲಂಡನ್ನಿಗೆ ಬರೋಣ. ಅಲ್ಲಿಯ ಬೀದಿಯ ಜಗಳವು ಪ್ರಬಂಧಗಳಲ್ಲಿ, ಚಿತ್ರಗಳಲ್ಲಿ, ಕಾನೂನಿನ ಪುಸ್ತಕದಲ್ಲಿ ಚೆನ್ನಾಗಿ ದಾಖಲಾಗಿದೆ. ೧೭೧೧ರ ಡಿಸೆಂಬರಿನಲ್ಲಿ ಆಡಿಸನ್ ಮಹಾಶಯನು ತನ್ನ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಲಂಡನ್ನಿನ ಬೀದಿ ಕೂಗುಗಳನ್ನು ಕುರಿತು ಒಂದು ಪ್ರಬಂಧ ಬರೆದನು. ಅವನ ಹಳ್ಳಿಯ ಮಿತ್ರ ಸರ್ ರೋಜರನಿಗೆ ಪಟ್ಟಣಕ್ಕೆ ಬಂದ ಮೊದಲ ವಾರ ಈ ಕೂಗುಗಳಿಂದ ನಿದ್ದೆಯೇ ಬರುವುದಿಲ್ಲ. ಪಟ್ಟಣದ ಷೋಕಿಗಾರನಾದ ಹನಿಕೂಂಬನಿಗೋ ಅವು ಹಕ್ಕಿಗಳ ಹಾಡಿಗಿಂತ ಇಂಪು. ಒಂದೇ ಸದ್ದು ಒಬ್ಬನಿಗೆ ಗದ್ದಲ, ಮತ್ತೊಬ್ಬನಿಗೆ ಸಂಗೀತ! ಅದೇ ಪ್ರಬಂಧದಲ್ಲಿ ಒಂದು ಕಥೆಯಿದೆ. ದೀಪ ಹೊತ್ತಿಸುವ ಗಂಧಕದ ಕಡ್ಡಿಗಳನ್ನು ಮಾರುವವನೊಬ್ಬನ ಕೂಗನ್ನು ಸಹಿಸಲಾರದೆ ಸಿಡುಕಿನ ಗೃಹಸ್ಥನೊಬ್ಬನು, ಇನ್ನು ನಮ್ಮ ಬೀದಿಗೆ ಬರಬೇಡವೆಂದು ಅವನೊಡನೆ ಒಪ್ಪಂದ ಮಾಡಿಕೊಂಡನಂತೆ. ಮರುದಿನ ಆ ಕಡೆಯ ಕಡ್ಡಿ ಮಾರುವವರೆಲ್ಲ, ತಮಗೂ ಹಾಗೆಯೇ ಏನಾದರೂ ದೊರಕೀತೆಂಬ ಆಸೆಯಿಂದ, ಅವನ ಬಾಗಿಲ ಮುಂದೆಯೇ ಹಾದುಹೋದರಂತೆ. ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳು ಹೇಳುವುದನ್ನು ಈ ಕಥೆ ನಾಲ್ಕೇ ಮಾತಿನಲ್ಲಿ ಹೇಳುತ್ತದೆ.

೧೭೪೧ರಲ್ಲಿ ಹೊಗಾರ್ತ್ ಎಂಬ ಚಿತ್ರಕಾರನು ‘ಕುಪಿತನಾದ ಸಂಗೀತಗಾರ’ ಎಂಬ ಚಿತ್ರವನ್ನು ಅಚ್ಚು ಹಾಕಿಸಿದನು. ಕಿಟಕಿಯಲ್ಲಿ ಜರತಾರಿ ಅಂಗಿಯ ಪಿಟೀಲುವಾದಕನು ಎರಡು ಕಿವಿಗಳನ್ನೂ ಮುಚ್ಚಿಕೊಂಡು ನಿಂತಿದ್ದಾನೆ. ಕೆಳಗೆ ಲಾವಣಿ ಹಾಡುವ ಹೆಂಗಸು, ಅವಳ ತೋಳಿನಲ್ಲಿ ಅಳುವ ಕೂಸು, ಚಾಕು ಸಾಣೆ ಹಿಡಿಯುವವನು, ಗಿಲಕಿ ತಿರುಗಿಸುವ ಹುಡುಗಿ, ಕೊಂಬೂದುವ ಸವಾರ. ಇವರೆಲ್ಲರ ನಡುವೆ ತಲೆಯ ಮೇಲೆ ಹಾಲಿನ ಪಾತ್ರೆ ಹೊತ್ತ ಹುಡುಗಿ. ಚಿತ್ರವನ್ನು ನೋಡಿದವರು ವಾದಕನಿಗಾಗಿ ಮರುಗುವುದಿಲ್ಲ. ಅವರ ಕಣ್ಣು ಹಾಲಿನ ಹುಡುಗಿಯ ಮೇಲೆಯೇ ನಿಲ್ಲುತ್ತದೆ. ಚಿತ್ರಕಾರನ ಪಕ್ಷಪಾತ ಯಾವ ಕಡೆಗೆಂಬುದು ನಮಗಂತೂ ಸ್ಪಷ್ಟವಾಗಿದೆ.

ಆ ಕಾಲದ ರಾತ್ರಿ ಕಾವಲುಗಾರರು ಸಹ ಮೌನವ್ರತಿಗಳಾಗಿರಲಿಲ್ಲ. ಗಂಟೆ ಇಷ್ಟಾಯಿತು, ಆಕಾಶದಲ್ಲಿ ಮೋಡವಿದೆ ಎಂದು ಮನೆಮನೆಯ ಮುಂದೆ ಕೂಗಿ ಹೇಳುವುದು ಅವರ ಕರ್ತವ್ಯದಲ್ಲಿ ಸೇರಿತ್ತು. ಮೋಡವಿದೆಯೆಂಬುದನ್ನು ತಿಳಿಯಲು ಯಾರಾದರೂ ಮೂರು ಗಂಟೆಗೆ ಏಳಬೇಕೆ? ೧೮೨೯ರಲ್ಲಿ ಹೊಸ ಪೋಲೀಸು ಪಡೆ ಬಂದಮೇಲೆ ಈ ಪದ್ಧತಿ ಹಿಂದೆ ಸರಿಯಿತು. ೧೮೩೯ರ ಪೋಲೀಸು ಶಾಸನವು, ಸಾಮಾನು ಮಾರುವುದಕ್ಕಾಗಿ ಕೊಂಬನ್ನಾಗಲಿ ಇತರ ಸದ್ದಿನ ವಾದ್ಯವನ್ನಾಗಲಿ ಬಳಸುವವರಿಗೆ ನಲವತ್ತು ಷಿಲ್ಲಿಂಗಿನವರೆಗೆ ದಂಡವನ್ನು ಗೊತ್ತುಮಾಡಿತು. ಸರ್ಕಾರದ ಅಂಚೆಯವರಿಗೆ ಮಾತ್ರ ಕೊಂಬೂದಲು ಅಡ್ಡಿಯಿರಲಿಲ್ಲ. ಬೀದಿಯಲ್ಲಿ ಜಮಖಾನೆ ಕೊಡಹುವುದು ಅಪರಾಧ. ಆದರೆ ಬಾಗಿಲ ಕಾಲೊರಸನ್ನು ಬೆಳಗ್ಗೆ ಎಂಟು ಗಂಟೆಯೊಳಗೆ ಕೊಡಹಬಹುದು! ದೊಡ್ಡ ಮನೆಗಳಲ್ಲಿ ಕಾಲೊರಸು ಕೊಡಹುತ್ತಿದ್ದವರು ಸೇವಕಿಯರು. ಯಜಮಾನರು ಏಳುವ ಮುನ್ನ ಅವರ ಕೆಲಸ ಮುಗಿಯಬೇಕಿತ್ತು. ಕಾನೂನಿನ ಒಂದು ಸಣ್ಣ ವಿನಾಯಿತಿಯಲ್ಲಿ ಇಡೀ ಸಮಾಜದ ದಿನಚರಿ ಅಡಗಿರುವುದನ್ನು ಇಲ್ಲಿ ಕಾಣುತ್ತೇವೆ.

ವಾದ್ಯಕ್ಕೆ ದಂಡವಾಯಿತು, ಬರಿಯ ಗಂಟಲಿಗೆ ಆಗಲಿಲ್ಲ. ಆ ಗಂಟಲು ಯಾರದೆಂಬುದನ್ನು ಹೋಗಿ ವಿಚಾರಿಸಿದವನು ಹೆನ್ರಿ ಮೇಹ್ಯೂ. ಲಂಡನ್ನಿನ ಬಡವರ ಕಸುಬುಗಳನ್ನು ಕುರಿತು ಅವನು ೧೮೪೯ರಿಂದ ಪತ್ರಿಕೆಗಾಗಿ ಬರೆಯತೊಡಗಿ, ೧೮೫೧ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಬೆಳಗ್ಗೆ ಲಂಡನ್ನಿನ ಬೀದಿಗಳಲ್ಲಿ ಎಲ್ಲಕ್ಕೂ ಮೊದಲು ಕೇಳುತ್ತಿದ್ದ ಮಾರಾಟದ ಕೂಗು ವಾಟರ್‌ಕ್ರೆಸ್ ಎಂಬ ನೀರುಸೊಪ್ಪಿನವರದೆಂದು ಅವನು ಹೇಳುತ್ತಾನೆ. ಕೂಲಿಗಾರರು ಬೆಳಗಿನ ಉಪಾಹಾರಕ್ಕೆ ರೊಟ್ಟಿಯ ಜೊತೆಗೆ ಈ ಹಸಿ ಸೊಪ್ಪನ್ನು ತಿನ್ನುತ್ತಿದ್ದರು. ಆ ಹೊತ್ತು ತಪ್ಪಿದರೆ ಸೊಪ್ಪನ್ನು ಕೇಳುವವರಿಲ್ಲ; ಆ ದಿನದ ಸಂಪಾದನೆ ಮುಳುಗಿದಂತೆಯೇ. ಆದ್ದರಿಂದ ಬೆಳಕು ಹರಿಯುವ ಮೊದಲೇ ಫ್ಯಾರಿಂಗ್‌ಡನ್ ಮಾರುಕಟ್ಟೆಯಲ್ಲಿ ಮುದುಕರೂ ಮಕ್ಕಳೂ ಮುತ್ತಿಕೊಂಡಿರುತ್ತಿದ್ದರು.

ಅವರಲ್ಲಿ ಎಂಟು ವರ್ಷದ ಒಬ್ಬ ಹುಡುಗಿಯನ್ನು ಮೇಹ್ಯೂ ಮಾತನಾಡಿಸಿದ್ದಾನೆ. ಚಳಿಯಲ್ಲಿ ತೆಳ್ಳನೆಯ ಹತ್ತಿಯ ಅಂಗಿ, ಎಳೆ ಸವೆದ ಶಾಲು, ಕಾಲಿಗೆ ದೊಡ್ಡದಾದ ಮೆಟ್ಟು. ಆಟದ ಮಾತೆತ್ತಿದರೆ ಅವಳಿಗೆ ಅಷ್ಟು ಗೊತ್ತಿಲ್ಲ. ಸೊಪ್ಪಿನ ಕಟ್ಟಿನ ಮಾತೆತ್ತಿದರೆ ಮಾರುಕಟ್ಟೆಯವರು ತನ್ನನ್ನು ಮೋಸಮಾಡಲಾರರೆಂದು ದೊಡ್ಡವರಂತೆ ಹೇಳುತ್ತಾಳೆ. ಪೆನ್ನಿಗೆ ನಾಲ್ಕು ಕಟ್ಟೆಂದು ಕೂಗಿಕೊಂಡು ಬೀದಿ ಬೀದಿ ಸುತ್ತಿದರೆ ಬಹುತೇಕ ದಿನಗಳಲ್ಲಿ ಅವಳಿಗೆ ಉಳಿಯುತ್ತಿದ್ದುದು ಮೂರು ನಾಲ್ಕು ಪೆನ್ನಿ. ತನ್ನನ್ನು ಮಗುವೆಂದು ಕರೆಯುವುದನ್ನು ಅವಳು ಒಪ್ಪಲಿಲ್ಲ. ಹಾಸಿಗೆಯಲ್ಲಿದ್ದವರಿಗೆ ಅವಳು ಒಂದು ಕರ್ಕಶ ಧ್ವನಿ ಮಾತ್ರ. ಅವರಾದರೂ ಏನು ಮಾಡಿಯಾರು? ಧ್ವನಿಯು ಗೋಡೆಯನ್ನು ದಾಟಿ ಬರುತ್ತದೆ, ಹರಿದ ಶಾಲು ದಾಟಿ ಬರುವುದಿಲ್ಲ.

ಇದೇ ಕಾಲದಲ್ಲಿ ಅದೇ ನಗರದ ಚೆಲ್ಸಿ ಭಾಗದಲ್ಲಿ ಥಾಮಸ್ ಕಾರ್ಲೈಲ್ ಎಂಬ ಮಹಾಲೇಖಕನು ನೆರೆಮನೆಯ ಹುಂಜಗಳೊಡನೆ ಯುದ್ಧ ಹೂಡಿದ್ದನು. ರಾಯಭಾರಕ್ಕೆ ಹೋಗಬೇಕಾದವಳು ಪಾಪ, ಅವನ ಪತ್ನಿ ಜೇನ್. ಕೊನೆಗೆ ೧೮೫೩ರಲ್ಲಿ ಅವನು ಮನೆಯ ಮೇಲ್ಭಾಗದಲ್ಲಿ ಸದ್ದು ಹೊಗದ ಕೋಣೆಯೊಂದನ್ನು ಕಟ್ಟಿಸಿದನು. ಹಣ ಸುರಿದು ಕಟ್ಟಿದ ಆ ಕೋಣೆಯಲ್ಲಿ, ಕೆಳಗಿದ್ದಾಗ ಕೇಳದಿದ್ದ ದೂರದ ಸದ್ದುಗಳೂ ಕೇಳತೊಡಗಿದವು! ೧೮೬೪ರಲ್ಲಿ ಮೈಕೇಲ್ ಬಾಸ್ ಎಂಬ ಪಾರ್ಲಿಮೆಂಟಿನ ಸದಸ್ಯನು ಬೀದಿ ಸಂಗೀತದವರನ್ನು ಮನೆಯ ಮುಂದಿನಿಂದ ಸಾಗಿಸುವ ಅಧಿಕಾರವನ್ನು ಗೃಹಸ್ಥರಿಗೆ ಕೊಡುವ ಶಾಸನವನ್ನು ತಂದಾಗ, ಕಾರ್ಲೈಲ್, ಡಿಕೆನ್ಸ್, ಟೆನಿಸನ್ ಮೊದಲಾದವರು ಬೆಂಬಲಿಸಿ ಸಹಿ ಹಾಕಿದರು. ಲೆಕ್ಕದ ಯಂತ್ರವನ್ನು ಕಲ್ಪಿಸಿದ ಬ್ಯಾಬೇಜನಂತೂ ತನ್ನ ಕೆಲಸದ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲನ್ನು ಬೀದಿಯ ಸದ್ದೇ ನುಂಗಿತೆಂದು ಬರೆದನು. ಇವರ ದೂರು ಸುಳ್ಳಲ್ಲ. ಆದರೆ ರೋಗಿಯಿರುವ ಶ್ರೀಮಂತರ ಮನೆಯ ಮುಂದೆ ಗಾಡಿಯ ಚಕ್ರದ ಸದ್ದಡಗಿಸಲು ಬೀದಿಯ ತುಂಬ ಹುಲ್ಲು ಹಾಸುತ್ತಿದ್ದ ಆ ನಗರದಲ್ಲಿ, ಮೌನವೂ ಅಂಗಡಿಯ ಸರಕಾಗಿತ್ತೆಂಬುದನ್ನು ಮರೆಯಲಾಗದು.

ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಪ್ರಿಯನಾದವನು ಇನ್ನೊಬ್ಬನಿದ್ದಾನೆ. ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿಯೂ ಲಂಡನ್ನಿನ ಪೂರ್ವ ಭಾಗದಲ್ಲಿಯೂ ಹಣ ಕೊಟ್ಟು ನಿದ್ದೆ ಕೆಡಿಸಿಕೊಳ್ಳುವ ಪದ್ಧತಿಯಿತ್ತು. ಗಿರಣಿಗೆ ತಡವಾದರೆ ಕೂಲಿ ಕಡಿತ. ಎಚ್ಚರಿಸುವ ಗಡಿಯಾರ ಕೊಳ್ಳುವ ಶಕ್ತಿ ಕೂಲಿಯವನಿಗಿಲ್ಲ. ಆದ್ದರಿಂದ ವಾರಕ್ಕೆ ಕೆಲವು ಪೆನ್ನಿ ತೆಗೆದುಕೊಂಡು ಗೊತ್ತಾದ ಹೊತ್ತಿಗೆ ಎಬ್ಬಿಸುವ ಕಸುಬಿನವರು ಹುಟ್ಟಿಕೊಂಡರು. ಬಾಗಿಲನ್ನು ಬಡಿದರೆ ನೆರೆಯವರೂ ಎಚ್ಚೆತ್ತು ಬೈಯುತ್ತಾರೆ. ಬೈಯದವರು ಪುಕ್ಕಟೆಯಾಗಿ ಎದ್ದುಬಿಡುತ್ತಾರೆ, ಅದು ಇನ್ನೂ ನಷ್ಟ! ಆದುದರಿಂದ ಅವರು ಉದ್ದನೆಯ ಗಳುವಿನ ತುದಿಗೆ ತಂತಿ ಕಟ್ಟಿ, ಮಹಡಿಯ ಕಿಟಕಿಯ ಗಾಜನ್ನು ಮೆಲ್ಲನೆ ತಟ್ಟುತ್ತಿದ್ದರು. ೧೯೩೦ರ ದಶಕದಲ್ಲಿ ಪೂರ್ವ ಲಂಡನ್ನಿನ ಮೇರಿ ಸ್ಮಿತ್ ಎಂಬ ಹೆಂಗಸು ಕೊಳವೆಯಿಂದ ಒಣ ಬಟಾಣಿಯನ್ನು ಕಿಟಕಿಗೆ ಊದಿ ಹೊಡೆದು ಎಬ್ಬಿಸುತ್ತಿದ್ದಳು. ಕೂಲಿ ವಾರಕ್ಕೆ ಆರು ಪೆನ್ನಿ. ಡರ್ಹಮ್ ಪ್ರಾಂತದ ಗಣಿ ಕೆಲಸಗಾರರ ಮನೆಯ ಹೊರಗೋಡೆಯಲ್ಲಿ, ತಮ್ಮನ್ನು ಎಬ್ಬಿಸಬೇಕಾದ ಹೊತ್ತನ್ನು ಬರೆದಿಡುವುದಕ್ಕೆ ಹಲಗೆಗಳಿದ್ದವು. ಹೀಗೆ ಒಬ್ಬೊಬ್ಬರನ್ನು ಮೆಲ್ಲನೆ ಎಬ್ಬಿಸಿದ್ದಾಯಿತು. ಆಮೇಲೆ ಆ ನೂರಾರು ಮಂದಿ ಕಬ್ಬಿಣದ ಪಟ್ಟಿ ಬಡಿದ ಮರದ ಮೆಟ್ಟುಗಳನ್ನು ಮೆಟ್ಟಿ ಕಲ್ಲುಹಾಸಿನ ಮೇಲೆ ಒಟ್ಟಾಗಿ ಹೊರಟರೆ ಇಡೀ ಬೀದಿಯೇ ನಗಾರಿಯಾಗುತ್ತಿತ್ತು.

ನಮ್ಮ ಬೀದಿಗಳಿಗೂ ತಮ್ಮದೇ ಆದ ಬೆಳಗುಗಳಿದ್ದವು. ಕೋಳಿ ಕೂಗುವ ಮುಂಚೆ ಡಮರು ಆಡಿಸುತ್ತ ಬಂದು ಹಾಲಕ್ಕಿಯ ಶಕುನ ಹೇಳುವ ಬುಡುಬುಡಿಕೆಯವನು, ಶಂಖ ಜಾಗಟೆಗಳ ದಾಸಯ್ಯ, ಧನುರ್ಮಾಸದ ಭಜನೆಯ ಮೇಳ, ಮನೆಯ ಮುಂದೆಯೇ ಹಸು ನಿಲ್ಲಿಸಿ ಹಾಲು ಕರೆಯುವವನು. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಗಿರಣಿಯ ಕೂಗು. ಗಿರಣಿಗಳಲ್ಲಿ ಬಹುಪಾಲು ಮುಚ್ಚಿಹೋದುವು. ೨೦೦೦ದ ಶಬ್ದ ಮಾಲಿನ್ಯ ನಿಯಮಗಳು ವಾಸದ ಬಡಾವಣೆಗಳಿಗೆ ಹಗಲು ೫೫, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ೪೫ ಡೆಸಿಬಲ್ ಎಂದು ಮಿತಿಯನ್ನು ಗೊತ್ತುಮಾಡಿವೆ. ಐದೂವರೆಗೆ ವಾಯುಸಂಚಾರಕ್ಕೆ ಹೊರಟು, ಜೊತೆಯವರೊಡನೆ ಗಟ್ಟಿಯಾಗಿ ರಾಜಕೀಯ ಚರ್ಚಿಸುತ್ತ, ಜೇಬಿನ ದೂರವಾಣಿಯಲ್ಲಿ ಹಾಡು ಹಾಕಿಕೊಂಡು ಹೋಗುವ ಆರೋಗ್ಯಾಭಿಲಾಷಿಗಳನ್ನು ಮಾತ್ರ ಈ ಮಿತಿ ಮುಟ್ಟಿದಂತಿಲ್ಲ. ಅವರ ವಿಷಯದಲ್ಲಿ ನಮಗೆ ಕನಿಕರವಿಲ್ಲ. ಅವರು ಹತ್ತು ನಿಮಿಷ ಸುಮ್ಮನಿದ್ದರೆ ಯಾರ ಸೊಪ್ಪೂ ಬಾಡುವುದಿಲ್ಲ.

ಸೊಪ್ಪಿನ ಮಾತು ಬಂದದ್ದರಿಂದ ನಮ್ಮ ತಪ್ಪೊಂದನ್ನು ಹೇಳಿಬಿಡುತ್ತೇವೆ. ನಮ್ಮ ಬೀದಿಗೆ ನಸುಕಿನಲ್ಲಿ ದಂಟು, ಹರಿವೆ, ಸಬ್ಬಸಿಗೆ ಹೊತ್ತು ತರುವ ವಯಸ್ಸಾದ ಹೆಂಗಸೊಬ್ಬಳುಂಟು. ಒಂದು ದಿನ ನಿದ್ದೆಗೆಟ್ಟ ಕೋಪದಲ್ಲಿ ಬಾಗಿಲು ತೆರೆದು, “ಏನಮ್ಮಾ, ಮೆಲ್ಲಗೆ ಕೂಗಬಾರದೆ?” ಎಂದು ಗದರಿಸಿದೆವು. ಆಕೆ ಬುಟ್ಟಿ ಇಳಿಸಿ, “ಮೆಲ್ಲಗೆ ಕೂಗಿದರೆ ಮಹಡಿ ಮನೆಯ ತಾಯಿಗೆ ಕೇಳೋದಿಲ್ಲ ಸ್ವಾಮಿ. ಬಿಸಿಲೇರಿದ ಮೇಲೆ ಇದನ್ನು ದನಕ್ಕೆ ಹಾಕಬೇಕು” ಎಂದಳು. ಮರುದಿನದಿಂದ ಬೀದಿ ನಿಶ್ಶಬ್ದವಾಯಿತು. ನಾಲ್ಕು ದಿನ ಮನೆಯಲ್ಲಿ ಸೊಪ್ಪಿನ ಹುಳಿಯಿಲ್ಲ. ಆಕೆಯ ಬುಟ್ಟಿಯಲ್ಲಿ ಎಷ್ಟು ಉಳಿಯಿತೋ ನಾವು ಕೇಳಲಿಲ್ಲ. ಐದನೆಯ ದಿನ ಮನೆಯವರೇ ದಾರಿ ಕಾದು ಆಕೆಯನ್ನು ಸಮಾಧಾನಪಡಿಸಿ ಕರೆದರು. ಈಗ ಆಕೆ ನಮ್ಮ ಬಾಗಿಲ ಮುಂದೆ ತುಟಿ ಬಿಚ್ಚದೆ ನಡೆದು, ನೆರೆಮನೆಯ ಕಾಂಪೌಂಡಿನ ಬಳಿ ಹೋಗಿ, ಅಲ್ಲಿ ಉಳಿಸಿಕೊಂಡದ್ದನ್ನೂ ಸೇರಿಸಿ ಕೂಗುತ್ತಾಳೆ. ನೆರೆಮನೆಯವರು ನಮ್ಮೊಡನೆ ಮೊದಲಿನಷ್ಟು ಸಲಿಗೆಯಿಂದ ಮಾತನಾಡುತ್ತಿಲ್ಲ.