ಸವಾರ್ ದಾದಾ: ನಮ್ಮ ಮನೆಯ ಕಾಗದಗಳಲ್ಲಿ ಮೊದಲ ಮಹಾಯುದ್ಧ

ಇತಿಹಾಸವೆಂದರೆ ರಾಜರು, ಯುದ್ಧಗಳು ಮತ್ತು ಇಸವಿಗಳು ಎಂದೇ ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಆ ಯುದ್ಧಗಳಲ್ಲಿ ಕುದುರೆಯ ಮೇಲೆ ಕುಳಿತಿದ್ದವರು ಯಾರು, ಅವರ ಮನೆಯವರು ಯಾವ ಊರಿನಲ್ಲಿ ಅವರ ದಾರಿ ಕಾಯುತ್ತಿದ್ದರು ಎಂಬುದು ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ಅದು ಎಲ್ಲಾದರೂ ಉಳಿದಿದ್ದರೆ ನಮ್ಮ ಮನೆಗಳ ಹಳೆಯ ಟ್ರಂಕುಗಳಲ್ಲಿ ಉಳಿದಿರುತ್ತದೆ. ಹಾಸನ ತಾಲ್ಲೂಕಿನ ಕಟ್ಟಾಯದಲ್ಲಿ ನಮ್ಮ ಹಿರಿಯರ ಮನೆಯ ಅಟ್ಟದಿಂದ ಇಳಿಸಿದ ಅಂಥದೊಂದು ಟ್ರಂಕಿನಿಂದ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ಇದು ನಮ್ಮ ಮನೆತನದ ಹೊಗಳಿಕೆಗಾಗಿ ಬರೆದದ್ದಲ್ಲ. ಇಂಥ ಟ್ರಂಕು ಇನ್ನೂ ಎಷ್ಟೋ ಮನೆಗಳಲ್ಲಿ ಇರಬಹುದು ಎಂಬ ಕಾರಣಕ್ಕಾಗಿ ಬರೆದಿದ್ದೇನೆ.

ನಮ್ಮ ಮುತ್ತಜ್ಜನನ್ನು ಮನೆಯಲ್ಲಿ ಎಲ್ಲರೂ 'ಸವಾರ್ ದಾದಾ' ಎಂದೇ ಕರೆಯುತ್ತಿದ್ದರು. ಅವರ ಸೊಸೆಯಾದ ನನ್ನ ದಾದಿಯ ಬಾಯಿಂದ ನಾನು ಬಾಲ್ಯದಲ್ಲಿ ನಾಲ್ಕು ಮಾತು ಕೇಳಿದ್ದೆ. ಅವರು ಮಹಾರಾಜರ ಕುದುರೆ ಪಡೆಯಲ್ಲಿದ್ದರು. ಅರಬ್ ದೇಶಕ್ಕೆ ಹೋಗಿ ಹಜ್ ಮಾಡಿ ಬಂದರು. ಬೈತುಲ್ ಮುಖದ್ದಸನ್ನು ಕಣ್ಣಾರೆ ಕಂಡರು. ಬಕ್ರೀದ್ ಆದ ವಾರಕ್ಕೆ ಕಾಲಿಗೆ ಗುಂಡು ತಗುಲಿ ಕೊನೆಯವರೆಗೂ ಕುಂಟುತ್ತಿದ್ದರು. "ಯಾರ ಮೇಲೆ ಯುದ್ಧ ಮಾಡಿದರು ದಾದಿ?" ಎಂದು ಕೇಳಿದರೆ ಮಾತ್ರ ಆಕೆ, "ಅದೆಲ್ಲ ನಿನಗ್ಯಾಕಪ್ಪಾ, ಊಟ ಆರ್ತಾ ಇದೆ, ಮೊದಲು ಊಟ ಮಾಡು" ಎಂದು ಮಾತು ತಿರುಗಿಸುತ್ತಿದ್ದಳು. ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ನಲವತ್ತು ವರ್ಷಗಳೇ ಬೇಕಾದವು.

ಎರಡು ಪದಕಗಳು

ಟ್ರಂಕಿನಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಪದಕಗಳಿದ್ದವು. ಒಂದು ಕಂಚಿನ ನಕ್ಷತ್ರ, ನಡುವೆ 1914-15 ಎಂದು ಬರೆದದ್ದು. ಇನ್ನೊಂದು ರೆಕ್ಕೆಯಿರುವ ಆಕೃತಿಯ ದುಂಡು ಪದಕ. ಇದು ಯುದ್ಧ ಮುಗಿದ ಮೇಲೆ ಕೊಟ್ಟ ವಿಜಯ ಪದಕ. ಸಾಮಾನ್ಯವಾಗಿ ಈ ಎರಡರ ಜೊತೆಗೆ ಐದನೇ ಜಾರ್ಜ್ ದೊರೆಯ ಮುಖವಿರುವ ಮೂರನೆಯದೊಂದು ಪದಕವೂ ಇರುತ್ತದೆ. ಅದು ನಮ್ಮ ಟ್ರಂಕಿನಲ್ಲಿ ಇರಲಿಲ್ಲ. ಕಾರಣ ಸರಳ. ಮೂರರಲ್ಲಿ ಅದೊಂದೇ ಬೆಳ್ಳಿಯದು. ಯಾವುದೋ ಕಷ್ಟಕಾಲದಲ್ಲಿ ಅದು ಅಕ್ಕಸಾಲಿಗರ ಅಂಗಡಿಗೆ ಹೋಗಿ ಮನೆಯ ಹೆಣ್ಣುಮಗಳೊಬ್ಬಳ ಕಾಲ್ಗೆಜ್ಜೆಯಾಯಿತೆಂದು ಫುಫ್ಫು ಹೇಳಿದರು.

ಈ ಪದಕಗಳ ವಿಶೇಷವೆಂದರೆ ಪಡೆದವನ ಹೆಸರು ಅವುಗಳ ಮೇಲೆಯೇ ಇರುತ್ತದೆ. ದುಂಡು ಪದಕದ ಅಂಚಿನಲ್ಲಿ, ನಕ್ಷತ್ರದ ಹಿಂಬದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸೈನಿಕನ ದರ್ಜೆ, ಹೆಸರು, ದಳ ಇವನ್ನು ಕೊರೆದಿರುತ್ತಾರೆ. ಭೂತಗನ್ನಡಿ ಹಿಡಿದು ನೋಡಿದಾಗ ನಮ್ಮ ಮುತ್ತಜ್ಜನ ಹೆಸರಿನ ಹಿಂದೆ 'ಸವಾರ್' ಎಂದೂ ಮುಂದೆ 'ಮೈಸೂರು ಲ್ಯಾನ್ಸರ್ಸ್' ಎಂದೂ ಇತ್ತು. 'ಸವಾರ್ ದಾದಾ' ಎಂಬುದು ಪ್ರೀತಿಯ ಹೆಸರು ಎಂದುಕೊಂಡಿದ್ದೆವು. ಅದು ಅವರ ದರ್ಜೆ. ಕಾಲ್ದಳದಲ್ಲಿ ಸಿಪಾಯಿ ಇದ್ದಂತೆ ಕುದುರೆ ದಳದಲ್ಲಿ ಸವಾರ. ಅವನ ಮೇಲೆ ದಫೇದಾರ, ಜಮಾದಾರ, ರಿಸಾಲ್ದಾರ. ಇಂದಿಗೂ ನಮ್ಮಲ್ಲಿ ಕೆಲವು ಮನೆತನಗಳ ಹೆಸರಿನ ಜೊತೆ ಈ ಪದಗಳು ಉಳಿದುಕೊಂಡಿರುವುದನ್ನು ಓದುಗರು ಬಲ್ಲರು.

ಮೈಸೂರು ಲ್ಯಾನ್ಸರ್ಸ್ ಬ್ರಿಟಿಷರ ಪಡೆಯಲ್ಲ, ಮೈಸೂರು ಮಹಾರಾಜರ ಪಡೆ. ಮುಸ್ಲಿಮರು, ಮರಾಠರು, ಅರಸು ಮನೆತನದವರು ಅದರಲ್ಲಿ ಜೊತೆಯಾಗಿದ್ದರು. 1914ರಲ್ಲಿ ಯುದ್ಧ ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟುದಲ್ಲದೆ ಈ ದಳವನ್ನೂ ಕಳುಹಿಸಿದರು. ಅದೇ ಅಕ್ಟೋಬರಿನಲ್ಲಿ ದಳವು ಬೆಂಗಳೂರಿನಿಂದ ಹೊರಟು, ಮುಂಬಯಿಯಲ್ಲಿ ಹಡಗು ಹತ್ತಿ ಈಜಿಪ್ಟ್ ಸೇರಿತು. ಅಲ್ಲಿ ಹೈದರಾಬಾದ್, ಪಟಿಯಾಲ ಮುಂತಾದ ಸಂಸ್ಥಾನಗಳ ಕುದುರೆ ಪಡೆಗಳ ಜೊತೆ ಒಂದು ಬ್ರಿಗೇಡಿನಲ್ಲಿ ಸೇರಿ ಸೂಯೆಜ್ ಕಾಲುವೆಯನ್ನು ಕಾಯಿತು. ಅಲ್ಲಿಂದ ಮುಂದೆ ಫಲಸ್ತೀನ್. 1914-15ರ ನಕ್ಷತ್ರ ನಮ್ಮ ಮನೆಯಲ್ಲಿದೆ ಎಂದರೆ ಸವಾರ್ ದಾದಾ 1915 ಮುಗಿಯುವ ಮುನ್ನವೇ ರಣರಂಗ ತಲುಪಿದ್ದರು ಎಂದರ್ಥ. ಅದಕ್ಕಿಂತ ತಡವಾಗಿ ಹೋದವರಿಗೆ ಆ ನಕ್ಷತ್ರ ಸಿಗುತ್ತಿರಲಿಲ್ಲ.

ಒಂದು ಹಲ್ಲಿನ ವ್ಯತ್ಯಾಸ

ಟ್ರಂಕಿನಲ್ಲಿ ಅಂಗೈ ಅಗಲದ ಒಂದು ನೋಟುಪುಸ್ತಕವೂ ಇತ್ತು. ಉರ್ದುವಿನಲ್ಲಿ, ಪೆನ್ಸಿಲಿನಲ್ಲಿ ಬರೆದದ್ದು. ಯಾರಿಗೆ ಎಷ್ಟು ಸಾಲ ಕೊಟ್ಟದ್ದು, ಮನೆಗೆ ಎಷ್ಟು ಹಣ ಕಳುಹಿಸಿದ್ದು ಎಂಬ ಲೆಕ್ಕವೇ ಹೆಚ್ಚು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅಚ್ಚಾದ ಉರ್ದುವನ್ನು ತಡವರಿಸಿಕೊಂಡು ಓದಲು ಬರುತ್ತದೆಯೇ ಹೊರತು ಆ ಕೈಬರಹ ಬಿಡಿಸಲು ಬರಲಿಲ್ಲ. ಹಾಸನದಲ್ಲಿ ನಿವೃತ್ತರಾದ ಉರ್ದು ಮೇಷ್ಟರೊಬ್ಬರ ಬಳಿ ಒಯ್ದೆ. ಅವರು ಒಂದು ಪುಟದಲ್ಲಿ ನಿಂತು, "ಜಿಲ್‌ಹಜ್ 1326, ಕಾಲಿಗೆ ಗುಂಡು, ಶಫಾಖಾನಾ" ಎಂದು ಓದಿದರು.

ಲೆಕ್ಕ ಹಾಕಿದರೆ ಹಿಜರಿ 1326ರ ಜಿಲ್‌ಹಜ್ ತಿಂಗಳು 1908ರ ಡಿಸೆಂಬರಿನ ಹೊತ್ತಿಗೆ ಬರುತ್ತದೆ. ಆಗ ಯುದ್ಧವೇ ಇರಲಿಲ್ಲ. ಮೇಷ್ಟರು ಮತ್ತೊಮ್ಮೆ ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. ಉರ್ದು ಅಂಕಿಗಳಲ್ಲಿ ಎರಡಕ್ಕೂ ಮೂರಕ್ಕೂ ಇರುವ ಅಂತರ ಒಂದೇ ಒಂದು ಹಲ್ಲು. ಪೆನ್ಸಿಲ್ ಮಾಸಿ ಆ ಹಲ್ಲು ಮರೆಯಾಗಿತ್ತು. ಅದು 1326 ಅಲ್ಲ, 1336. ಆ ವರ್ಷದ ಬಕ್ರೀದ್ ಬಂದದ್ದು 1918ರ ಸೆಪ್ಟೆಂಬರ್ 16ರ ಆಸುಪಾಸಿನಲ್ಲಿ. ದಾದಿ ಹೇಳುತ್ತಿದ್ದಂತೆ ಅದಾದ ವಾರಕ್ಕೆ ಎಂದರೆ ಸೆಪ್ಟೆಂಬರ್ 23.

ಆ ದಿನಾಂಕ ಸಾಮಾನ್ಯವಾದದ್ದಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ದಳಗಳು ಹೈಫಾ ಪಟ್ಟಣವನ್ನು ಹಿಡಿದವು. ಪಟ್ಟಣದ ಪಕ್ಕದಲ್ಲೇ ಇರುವ ಕಾರ್ಮೆಲ್ ಬೆಟ್ಟದ ಮೇಲೆ ತುರ್ಕಿ ಪಡೆಯ ಫಿರಂಗಿಗಳೂ ಮೆಷಿನ್ ಗನ್‌ಗಳೂ ಇದ್ದವು. ಮೈಸೂರಿನ ಸವಾರರ ಒಂದು ತುಕಡಿ ಕಡಿದಾದ ಬೆಟ್ಟವನ್ನು ಹತ್ತಿ ಆ ಫಿರಂಗಿಗಳ ಮೇಲೆ ಬಿದ್ದಿತು. ಜೋಧಪುರದವರು ಕೆಳಗಿನಿಂದ ಪಟ್ಟಣಕ್ಕೆ ನುಗ್ಗಿದರು. ಅವರ ನಾಯಕ ಮೇಜರ್ ದಲ್‌ಪತ್ ಸಿಂಗ್ ಅಲ್ಲಿಯೇ ಮಡಿದರು. ಭರ್ಜಿ ಮತ್ತು ಕತ್ತಿ ಹಿಡಿದ ಕುದುರೆ ಸವಾರರು ಸುಮಾರು 1350 ಜನರನ್ನು ಸೆರೆಹಿಡಿದು 17 ಫಿರಂಗಿಗಳನ್ನು ವಶಪಡಿಸಿಕೊಂಡರು. ಈ ಕಡೆ 8 ಜನ ಸತ್ತು 34 ಜನ ಗಾಯಗೊಂಡರು. 60 ಕುದುರೆಗಳು ಸತ್ತವು. ದಾದಿಯ ಮಾತು, ನೋಟುಪುಸ್ತಕದ ಸಾಲು, ಪದಕದ ಅಂಚು ಈ ಮೂರನ್ನೂ ಸೇರಿಸಿ ನೋಡಿದರೆ ಆ 34 ಜನರಲ್ಲಿ ನಮ್ಮ ಸವಾರ್ ದಾದಾ ಒಬ್ಬರು ಎಂದೇ ನಾನು ನಂಬಿದ್ದೇನೆ.

ಅದೇ ಸಾಲು ಇನ್ನೊಂದು ಮಾತನ್ನೂ ಹೇಳುತ್ತದೆ. ಹಜ್ಜಿನ ವಿಧಿಗಳು ನಡೆಯುವುದು ಜಿಲ್‌ಹಜ್ ತಿಂಗಳ 8ರಿಂದ 13ರವರೆಗೆ. ಆ ವರ್ಷ ಆ ದಿನಗಳಲ್ಲಿ ಅವರು ಮಕ್ಕಾದಲ್ಲಿ ಇರಲಿಲ್ಲ, ಫಲಸ್ತೀನಿನ ಯುದ್ಧಭೂಮಿಯಲ್ಲಿದ್ದರು. ಬೇರೆ ವರ್ಷಗಳಲ್ಲಿ ಹಜ್ ಮಾಡಿದ ಬಗ್ಗೆ ನೋಟುಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಎರಡಾಣೆ ಸಾಲವನ್ನೂ ಬರೆದಿಟ್ಟವರು ಹಜ್ಜನ್ನು ಬರೆಯದೆ ಬಿಡುತ್ತಿದ್ದರೇ? ಬೈತುಲ್ ಮುಖದ್ದಸಿನ ಮಾತನ್ನು ಮಾತ್ರ ತಳ್ಳಿಹಾಕಲಾಗದು. 1917ರ ಡಿಸೆಂಬರಿನಲ್ಲಿ ಜೆರುಸಲೆಮ್ ಬ್ರಿಟಿಷರ ಕೈಸೇರಿದಾಗ ಜನರಲ್ ಅಲೆನ್‌ಬಿ ಅಲ್ಲಿನ ಪವಿತ್ರ ಮಸೀದಿಯ ಸುತ್ತ ಭಾರತದ ಮುಸ್ಲಿಂ ಸೈನಿಕರ ಕಾವಲನ್ನೇ ಇರಿಸಿದ್ದ. ಆ ನಾಡಿನಲ್ಲಿದ್ದ ನಮ್ಮ ಸೈನಿಕರಿಗೆ ಅದರ ಜಿಯಾರತ್ ದೂರದ ಮಾತಾಗಿರಲಿಲ್ಲ.

ದಾದಿ ಮಾತು ತಿರುಗಿಸಿದ್ದೇಕೆ?

ಹಾಗಾದರೆ ಮನೆಯವರು ಅವರನ್ನು ಹಾಜಿ ಮಾಡಿದ್ದೇಕೆ? ನನ್ನ ಹಳೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಸವಾರ್ ದಾದಾ ಹೋರಾಡಿದ್ದು ತುರ್ಕರ ಮೇಲೆ. ತುರ್ಕಿಯ ಸುಲ್ತಾನರು ಅಂದು ಮುಸ್ಲಿಂ ಜಗತ್ತಿನ ಖಲೀಫರು. 1914ರ ನವೆಂಬರಿನಲ್ಲಿ ಇಸ್ತಾಂಬುಲಿನಿಂದ ಜಿಹಾದಿನ ಕರೆಯೂ ಹೊರಟಿತ್ತು. ಬ್ರಿಟಿಷರ ಪರವಾಗಿದ್ದ ಮುಸ್ಲಿಂ ಸೈನಿಕರ ಮನಸ್ಸಿನಲ್ಲಿ ಇದು ಎಂಥ ಕಳವಳ ಎಬ್ಬಿಸಿತ್ತು ಎಂಬುದಕ್ಕೆ 1915ರ ಫೆಬ್ರವರಿಯಲ್ಲಿ ಸಿಂಗಪುರದಲ್ಲಿ ನಡೆದ ಸಿಪಾಯಿಗಳ ದಂಗೆಯೇ ಸಾಕ್ಷಿ. ತಮ್ಮನ್ನು ತುರ್ಕರ ಮೇಲೆ ಯುದ್ಧಕ್ಕೆ ಕಳುಹಿಸುತ್ತಾರೆ ಎಂಬ ವದಂತಿಯೂ ಆ ದಂಗೆಯ ಕಾರಣಗಳಲ್ಲಿ ಒಂದಾಗಿತ್ತು. ದಂಗೆಯೆದ್ದವರಲ್ಲಿ 47 ಜನರನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಯುದ್ಧ ಮುಗಿಸಿ ನಮ್ಮ ಸವಾರರು ಊರಿಗೆ ಮರಳುವ ಹೊತ್ತಿಗೆ ಇಲ್ಲಿ ಖಿಲಾಫತ್ ಚಳವಳಿಯ ಕಾಲ. 1920ರ ಆಗಸ್ಟಿನಲ್ಲಿ ಗಾಂಧೀಜಿಯವರೂ ಮೌಲಾನಾ ಶೌಕತ್ ಅಲಿಯವರೂ ಬೆಂಗಳೂರಿಗೇ ಬಂದಿದ್ದರು. ಮಸೀದಿಗಳಲ್ಲಿ ಖಲೀಫರಿಗಾಗಿ ದುವಾ ನಡೆಯುತ್ತಿದ್ದಾಗ ಖಲೀಫರ ಪಡೆಯ ಗುಂಡಿನಿಂದಲೇ ಕುಂಟುತ್ತಿದ್ದ ಒಬ್ಬರು ಕೊನೆಯ ಸಾಲಿನಲ್ಲಿ ಕುಳಿತಿರುವುದನ್ನು ಊಹಿಸಿಕೊಳ್ಳಿ. ಅವರು ಪದಕಗಳನ್ನು ಎದೆಯ ಮೇಲೆ ಧರಿಸಲಿಲ್ಲ, ಬಟ್ಟೆಯಲ್ಲಿ ಸುತ್ತಿ ಇಟ್ಟರು. ಮನೆಯವರು ಯುದ್ಧವನ್ನು ಮರೆಮಾಡಿ ಹಜ್ಜನ್ನು ಮುಂದಿಟ್ಟರು. 1924ರ ಮಾರ್ಚಿನಲ್ಲಿ ತುರ್ಕಿಯ ಸಂಸತ್ತೇ ಖಿಲಾಫತ್ತನ್ನು ರದ್ದು ಮಾಡಿತು. ಆದರೂ ನಮ್ಮ ಮನೆಯ ಮೌನ ಮುರಿಯಲಿಲ್ಲ.

ನಾನು ಇದನ್ನು ಬರೆಯುತ್ತೇನೆ ಎಂದಾಗ ಹಿರಿಯರೊಬ್ಬರು, "ಸತ್ತವರ ಪರದೆ ಯಾಕೆ ತೆಗೀತೀಯ ಬೇಟಾ?" ಎಂದು ಕೇಳಿದರು. ಬಹಳ ದಿನ ಯೋಚಿಸಿದೆ. ಸವಾರ್ ದಾದಾ ಮಾಡದ ಹಜ್ಜಿನ ಗೌರವವನ್ನು ತಾವಾಗಿ ಎಲ್ಲಿಯೂ ಬರೆದುಕೊಂಡಿಲ್ಲ. ಅವರ ಗೋರಿಯ ಕಲ್ಲಿನ ಮೇಲೂ ಹಾಜಿ ಎಂದು ಇಲ್ಲ. ಹೆಸರು ಮತ್ತು ರಬೀಉಲ್ ಅವ್ವಲ್ 1366 ಎಂದಷ್ಟೇ ಇದೆ. ಅಂದರೆ 1947ರ ಆರಂಭ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮುಂಚೆ. ಸುಳ್ಳನ್ನು ಸೇರಿಸಿದವರು ನಾವು, ಅವರಲ್ಲ. ಹೊಟ್ಟೆಪಾಡಿಗಾಗಿ ಪಡೆ ಸೇರಿದ ಒಬ್ಬ ಬಡ ರೈತನ ಮಗ, ದೊರೆಗಳು ಹೂಡಿದ ಯುದ್ಧದಲ್ಲಿ ತನ್ನದೇ ದೀನಿನವರ ಎದುರು ನಿಲ್ಲಬೇಕಾಗಿ ಬಂತು. ಈ ಸತ್ಯದಿಂದ ಅವರ ಮೇಲಿನ ನನ್ನ ಪ್ರೀತಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಟ್ರಂಕಿನ ಕೊನೆಯ ಕಾಗದ ಕನ್ನಡದಲ್ಲಿರುವ ಒಂದು ಕ್ರಯಪತ್ರ. ಯುದ್ಧದಿಂದ ಬಂದ ಮೇಲೆ ಅವರು ಎರಡು ಎಕರೆ ಜಮೀನು ಕೊಂಡದ್ದು. ಆ ಜಮೀನಿನ ರಾಗಿಯಿಂದಲೇ ನಮ್ಮ ಅಜ್ಜ ಶಾಲೆಯ ಮೆಟ್ಟಿಲು ಹತ್ತಿದರು. ನಮ್ಮ ಮನೆಯಲ್ಲಿ ಇಂದು ಪದವಿ ಪಡೆದ ಹೆಣ್ಣುಮಕ್ಕಳಿದ್ದಾರೆ. ಅದರ ಮೊದಲ ಕಂತನ್ನು ಕಾರ್ಮೆಲ್ ಬೆಟ್ಟದ ಬಳಿ ಒಂದು ಕಾಲು ಕಟ್ಟಿದೆ.

ಬದುಕಿ ಬಂದವರ ಪಟ್ಟಿ

ಮೊದಲ ಮಹಾಯುದ್ಧದಲ್ಲಿ ಭಾರತದ ಪರವಾಗಿ 74 ಸಾವಿರಕ್ಕೂ ಹೆಚ್ಚು ಜನ ಮಡಿದರು. ಅವರ ಹೆಸರುಗಳನ್ನು ಕಾಮನ್‌ವೆಲ್ತ್ ಸಮಾಧಿ ಆಯೋಗ ದಾಖಲೆ ಮಾಡಿ ಇಟ್ಟಿದೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದ್, ಮೈಸೂರು, ಜೋಧಪುರ ಸವಾರರದ್ದೇ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಲ್ಯಾನ್ಸರ್ಸ್ ದಳವು 1953ರಲ್ಲಿ ಸ್ಥಾಪನೆಯಾದ 61ನೇ ಕ್ಯಾವಲ್ರಿಯಲ್ಲಿ ಲೀನವಾಯಿತು. ಆ ರೆಜಿಮೆಂಟು ಪ್ರತಿ ಸೆಪ್ಟೆಂಬರ್ 23ರಂದು ಹೈಫಾ ದಿನ ಆಚರಿಸುತ್ತದೆ. ಆದರೆ ಬದುಕಿ ಬಂದ ಸವಾರನಿಗೆ, ಅವನ ಸೈಸನಿಗೆ, ಭಿಸ್ತಿಗೆ, ನಾಲ್‌ಬಂದನಿಗೆ ಇಂಥ ಪಟ್ಟಿ ಇಲ್ಲ. ಅವರ ಪಟ್ಟಿ ಇರುವುದು ನಮ್ಮ ಮನೆಗಳಲ್ಲಿ ಮಾತ್ರ.

ಅದೂ ಕರಗುತ್ತಿದೆ. ಹೇಮಾವತಿಗೆ ಗೊರೂರಿನ ಬಳಿ 1979ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಎಷ್ಟೋ ಹಳ್ಳಿಗಳ ಮನೆಗಳು ಹಿನ್ನೀರಿನ ಪಾಲಾದವು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಇಂದಿಗೂ ನೀರಿನಲ್ಲಿ ನಿಂತು ಅದನ್ನು ನೆನಪಿಸುತ್ತದೆ. ನೀರು ಬಾರದ ಊರುಗಳಲ್ಲಿ ಗೆದ್ದಲು, ರದ್ದಿ ಅಂಗಡಿ, ಓದಲು ಬಾರದ ಮಕ್ಕಳು ಅದೇ ಕೆಲಸ ಮಾಡುತ್ತಿದ್ದಾರೆ.

ಆದ್ದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ಮನೆಯ ಹಿರಿಯರ ಬಳಿ ಕುಳಿತು ಅವರು ಹೇಳುವುದನ್ನು ಹಾಗೆಯೇ ಬರೆದುಕೊಳ್ಳಿ. ನಿಕಾಹ್‌ನಾಮೆ, ಕ್ರಯಪತ್ರ, ಪಿಂಚಣಿ ಕಾಗದ, ಪದಕದ ಅಂಚು, ಗೋರಿಯ ಕಲ್ಲು ಎಲ್ಲದರ ಫೋಟೋ ತೆಗೆದಿಡಿ. ಹಿಜರಿ ತಾರೀಖನ್ನು ಇಸವಿಗೆ ಹೊಂದಿಸಿ ನೋಡಿ. ಸಂಸ್ಥಾನದ ಪಡೆಯಲ್ಲಿದ್ದವರ ವಿಷಯಕ್ಕೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿರುವ ಮೈಸೂರು ಸರ್ಕಾರದ ಕಡತಗಳನ್ನು ಹುಡುಕಿ. ಎಲ್ಲಕ್ಕಿಂತ ಮೊದಲು, ಕನ್ನಡದ ಜೊತೆಗೆ ಹಿರಿಯರ ಉರ್ದು ಕೈಬರಹವನ್ನು ಓದಲು ಕಲಿಯಿರಿ. ಮೇಷ್ಟರು ಇನ್ನೊಮ್ಮೆ ನೋಡದೆ ಹೋಗಿದ್ದರೆ ಒಂದು ಹಲ್ಲಿನ ವ್ಯತ್ಯಾಸದಲ್ಲಿ ನಮ್ಮ ಮುತ್ತಜ್ಜನ ಬದುಕೇ ನಮಗೆ ತಪ್ಪಿಹೋಗುತ್ತಿತ್ತು.

ಅಲ್ಲಾಹನು ಸವಾರ್ ದಾದಾ ಅವರನ್ನೂ, ಅವರ ಜೊತೆ ಹೋಗಿ ಮರಳಿ ಬಾರದವರನ್ನೂ, ಆ ಬೆಟ್ಟದ ಮೇಲೆ ಎದುರು ನಿಂತು ಮಡಿದವರನ್ನೂ ತನ್ನ ರಹಮತ್ತಿನಲ್ಲಿ ಇರಿಸಲಿ. ಆಮೀನ್.