ಒಂಗೋಲಿನ ಎತ್ತು, ಬ್ರೆಜಿಲಿನ ಹುಲ್ಲು

ಬ್ರೆಜಿಲ್ ದೇಶದ ಹುಲ್ಲುಗಾವಲುಗಳಲ್ಲಿ ಮೇಯುವ ಬಿಳಿಯ ದನಗಳಿಗೆ ‘ನೆಲೋರೆ’ ಎಂದು ಹೆಸರು. ಆಂಧ್ರದ ನೆಲ್ಲೂರೇ ಪೋರ್ಚುಗೀಸ್ ನಾಲಗೆಯಲ್ಲಿ ಹೀಗಾಗಿದೆ. ತಳಿ ಮಾತ್ರ ಒಂಗೋಲು. ತವರಿನಲ್ಲಿ ನೇಗಿಲಿಗೂ ಬಂಡಿಗೂ ಹಾಲಿಗೂ ಸಾಕುತ್ತಿದ್ದ ಈ ದನ, ಜಗತ್ತಿನಲ್ಲಿ ಅತ್ಯಧಿಕ ಗೋಮಾಂಸವನ್ನು ರಫ್ತುಮಾಡುವ ರಾಷ್ಟ್ರದ ಮುಖ್ಯ ಮಾಂಸತಳಿಯಾದ ಬಗೆ ವಿಚಾರಾರ್ಹವಾದುದು.

1868ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗೊಂದು ಸಾಲ್ವಡಾರ್ ರೇವಿನಲ್ಲಿ ತಂಗಿದಾಗ ಅದರಲ್ಲಿದ್ದ ಒಂದು ಜೋಡಿ ಒಂಗೋಲು ದನಗಳು ಅಲ್ಲಿಯೇ ಮಾರಾಟವಾದವು. 1878ರಲ್ಲಿ ಮನೋಯೆಲ್ ಲೆಮ್‌ಗ್ರೂಬರ್ ಎಂಬಾತ ಹ್ಯಾಂಬರ್ಗಿನ ಮೃಗಾಲಯದಿಂದ ಮತ್ತೊಂದು ಜೋಡಿಯನ್ನು ಕೊಂಡನು. ಮುಂದೆ ಉಬೆರಾಬಾ ಸೀಮೆಯ ದನಗಾರರು ಸ್ವತಃ ಭಾರತಕ್ಕೆ ಬಂದು ಗಿರ್, ಕಾಂಕ್ರೇಜ್, ಒಂಗೋಲು ಹೋರಿಗಳನ್ನು ಕೊಂಡೊಯ್ದರು. ವಿರೋಧ ಕಡಿಮೆಯಿರಲಿಲ್ಲ. ಸಾವೊ ಪೌಲೋದ ವೈದ್ಯ ಲೂಯಿಸ್ ಪೆರೇರಾ ಬಾರೆಟೊ ಹಿಣಿಲಿನ ದನವನ್ನು ತಳ್ಳಿಹಾಕಿ, ನಾಡತಳಿಯಾದ ಕರಕೂವನ್ನು ಎತ್ತಿಹಿಡಿದನು. 1920ರಲ್ಲಿ ಭಾರತದಿಂದ ಬ್ರೆಜಿಲಿಗೆ ಹೊರಟ ದನಗಳಿಂದ ಆಂಟ್‌ವರ್ಪ್ ಬಂದರಿನಲ್ಲಿ ದೊಡ್ಡರೋಗ ಹರಡಿತು. ಮರುವರ್ಷ ಸಾವೊ ಪೌಲೋದಲ್ಲಿಯೂ ಕಾಣಿಸಿ, ಆಮದಿಗೆ ತಡೆ ಬಿದ್ದಿತು. 1924ರಲ್ಲಿ ಪ್ಯಾರಿಸಿನಲ್ಲಿ ಅಂತರರಾಷ್ಟ್ರೀಯ ಪಶುರೋಗ ಸಂಸ್ಥೆ ಸ್ಥಾಪಿತವಾದುದು ಆಂಟ್‌ವರ್ಪಿನ ಈ ಪ್ರಸಂಗದ ಫಲ.

ವಾದವನ್ನು ತೀರಿಸಿದುದು ಹುಲ್ಲು. ಮಧ್ಯ ಬ್ರೆಜಿಲಿನ ಸೆರಾದೊ ಬಯಲಿನದು ಬಿಸಿ ಹವೆ, ಹುಳಿಮಣ್ಣು. ಉಣ್ಣೆಗಳ ಕಾಟವೂ ಅಪಾರ. ಯುರೋಪಿನ ತಳಿಗಳು ಅಲ್ಲಿ ಸೊರಗುತ್ತಿದ್ದವು. ಕರಿಯ ಚರ್ಮದ ಮೇಲೆ ಬಿಳಿಯ ರೋಮ, ಒರಟು ಮೇವನ್ನು ಅರಗಿಸಿಕೊಳ್ಳುವ ಹೊಟ್ಟೆ, ನೆರವಿಲ್ಲದೆ ಈಯುವ ಹಸು, ಹುಟ್ಟಿದೊಡನೆ ಎದ್ದು ಮೊಲೆ ಹುಡುಕುವ ಕರು: ವಿಸ್ತಾರವಾದ ಕಾವಲಿಗೆ ಕೆಲವೇ ದನಗಾಹಿಗಳಿರುವಲ್ಲಿ ಇವೇ ಬಂಡವಾಳ. 1970ರ ದಶಕದಿಂದ ಆಫ್ರಿಕದ ಬ್ರಾಕಿಯಾರಿಯಾ ಹುಲ್ಲು ಅಲ್ಲಿ ವ್ಯಾಪಕವಾಗಿ ಹಬ್ಬಿತು. 1984ರಲ್ಲಿ ಸರ್ಕಾರಿ ಕೃಷಿ ಸಂಶೋಧನ ಸಂಸ್ಥೆಯಾದ ಎಂಬ್ರಾಪಾ ‘ಮರಂದು’ ಎಂಬ ಬಗೆಯನ್ನು ಹೊರತಂದಿತು. ಇಷ್ಟಾದರೂ ಮಳೆಗಾಲದಲ್ಲಿ ಮೈದುಂಬಿ ಒಣಗಾಲದಲ್ಲಿ ಬತ್ತುವ ದನಗಳಿಗೇನೂ ಕೊರತೆಯಿಲ್ಲ. ಹಿಗ್ಗಿ ಕುಗ್ಗುವ ಅಕಾರ್ಡಿಯನ್ನಿಗೆ ಹೋಲಿಸಿ ಅಂಥದನ್ನು ಅಲ್ಲಿಯವರು ‘ಸಾನ್‌ಫೋನ ಎತ್ತು’ ಎನ್ನುತ್ತಾರೆ.

ಪೇಟೆಗೆ ಈ ಗುಣಗಳು ತಡವಾಗಿ ಕಂಡವು. ಬಹುಕಾಲ ಹಣ ಸುರಿದದ್ದು ಹೋರಿಯ ರೂಪಕ್ಕೆ. ನೀಳವಾದ ಜೋಲುಕಿವಿಯ ‘ಇಂಡುಬ್ರಾಸಿಲ್’ ಎಂಬ ಮಿಶ್ರತಳಿಗೆ ವಿಪರೀತ ಬೆಲೆಯೇರಿ, 1940ರ ದಶಕದ ಮಧ್ಯದಲ್ಲಿ ಆ ಉಬ್ಬರ ಇಳಿಯಿತು. ಕಸಾಯಿಖಾನೆ ಕಿವಿಯನ್ನು ಅಳೆಯುವುದಿಲ್ಲವಷ್ಟೆ. ಅದರ ಲೆಕ್ಕ 15 ಕಿಲೋಗ್ರಾಮಿನ ‘ಅರೋಬ’ದಲ್ಲಿ. ತೂಕ ನೋಡಿ ಆರಿಸುವ ಪದ್ಧತಿ ಬೇರೂರಿದಂತೆ ಗಿಡ್ಡಕಿವಿಯ ನೆಲೋರೆ ಮುಂದೆ ಬಂದಿತು. 1960ರ ದಶಕದ ಆರಂಭದಲ್ಲಿ ಬಂದ ಕೊನೆಯ ದೊಡ್ಡ ಆಮದಿನ ದನಗಳನ್ನು ಫರ್ನಾಂಡೊ ದ ನೊರೊನ್ಯಾ ದ್ವೀಪದಲ್ಲಿ ಪ್ರತ್ಯೇಕವಾಗಿಟ್ಟು ಪರೀಕ್ಷಿಸಲಾಯಿತು. ಆಗ ಬಂದ ‘ಕರ್ವಾಡಿ’ ಎಂಬ ಹೋರಿಯ ಹೆಸರು ನೆಲೋರೆಯ ಅಸಂಖ್ಯ ವಂಶಾವಳಿಗಳಲ್ಲಿ ಇಂದಿಗೂ ಕಾಣುತ್ತದೆ.

ಈ ಏಳಿಗೆಗೆ ತೆತ್ತ ಬೆಲೆ ಅಲ್ಪವಲ್ಲ. ಸೆರಾದೊದ ದೊಡ್ಡದೊಂದು ಭಾಗ ಹುಲ್ಲಾಯಿತು. ಅಮೆಜಾನ್ ಕಾಡನ್ನು ಕಡಿದ ನೆಲದಲ್ಲಿ ಹೆಚ್ಚಿನ ಪಾಲು ದನಗಳ ಮೇವಿಗೆ ಹೋಯಿತು.

ಕನ್ನಡನಾಡಿಗೂ ಈ ಚರಿತ್ರೆಯಲ್ಲಿ ಒಂದು ಎಳೆಯಿದೆ. ಎರೆನೆಲದ ಉಳುಮೆಗೆಂದು 19ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ, ಒಂಗೋಲಿನ ರಕ್ತವೂ ಬೆರೆತಿರುವ ಕೃಷ್ಣಾತೀರದ ತಳಿ ಅಮೆರಿಕದ ‘ಬ್ರಾಹ್ಮನ್’ ಮಾಂಸತಳಿಯ ಮೂಲಗಳಲ್ಲಿ ಒಂದು. ಸ್ವದೇಶದಲ್ಲಿ ಟ್ರ್ಯಾಕ್ಟರು ಬಂದಮೇಲೆ ಅದರ ಸಂಖ್ಯೆ ತೀರ ಕ್ಷೀಣಿಸಿದೆ.