ಉಷ್ಣದ ಚಲನೆ ಮತ್ತು ವಸ್ತುಗಳ ಮೇಲೆ ಅದರ ಪರಿಣಾಮ

ಉಷ್ಣ ಒಂದು ಬಗೆಯ ಶಕ್ತಿ. ತಾಪ ಹೆಚ್ಚಿರುವ ವಸ್ತುವಿನಿಂದ ಕಡಿಮೆ ಇರುವ ವಸ್ತುವಿಗೆ ಅದು ತಾನಾಗಿ ಹರಿಯುತ್ತದೆ. ಎರಡರ ತಾಪವೂ ಸಮವಾದಾಗ ಹರಿವು ನಿಲ್ಲುತ್ತದೆ. ಉಷ್ಣ ಬೇರೆ, ತಾಪ ಬೇರೆ. ಕುದಿಯುವ ಒಂದು ಲೋಟ ನೀರಿನ ತಾಪವೂ ಒಂದು ಹಂಡೆ ನೀರಿನ ತಾಪವೂ ಒಂದೇ. ಆದರೆ ಹಂಡೆ ಕಾಯಿಸಲು ಎಷ್ಟು ಸೌದೆ ಸುಡಬೇಕೆಂದು ಒಲೆಯ ಮುಂದೆ ಕೂತವರಿಗೆ ಗೊತ್ತು.

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂಬ ಪಾಠ ಸಮುದ್ರಮಟ್ಟಕ್ಕೆ ಸರಿ. ಹಾಸನ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಸುಮಾರು 97 ಡಿಗ್ರಿಗೇ ಕುದಿ ಬರುತ್ತದೆ. ಶಾಲೆಯ ಪ್ರಯೋಗದಲ್ಲಿ 97 ಕಂಡರೆ ತಾಪಮಾಪಕವನ್ನು ಬೈಯಬೇಕಿಲ್ಲ.

ಉಷ್ಣ ಸಾಗುವ ದಾರಿಗಳು ಮೂರು: ವಹನ, ಸಂವಹನ, ವಿಕಿರಣ. ವಹನದಲ್ಲಿ ವಸ್ತುವಿನ ಕಣಗಳು ತಮ್ಮ ಜಾಗ ಬಿಡದೆ ಪಕ್ಕದ ಕಣಗಳಿಗೆ ಶಕ್ತಿ ದಾಟಿಸುತ್ತವೆ. ತಾಮ್ರ ಈ ಕೆಲಸವನ್ನು ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಮಾಡುತ್ತದೆ; ಮರ ಮಾಡುವುದೇ ಇಲ್ಲ ಎನ್ನುವಷ್ಟು ಕಡಿಮೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ವಿಂಧ್ಯಗಿರಿ ಹತ್ತುವವರಿಗೆ ವಹನದ ಅರ್ಥ ಅಂಗಾಲಿನಲ್ಲೇ ತಿಳಿಯುತ್ತದೆ. ಕಾಲುಚೀಲ ಹಾಕಿಕೊಂಡವರು ಬಟ್ಟೆಯ ಎಳೆಗಳ ನಡುವೆ ಸಿಕ್ಕಿದ ಗಾಳಿಯನ್ನು ಮೆಟ್ಟಿ ನಡೆಯುತ್ತಾರೆ. ನಿಂತ ಗಾಳಿ ಉಷ್ಣದ ಅವಾಹಕ. ಬಂಡೆಯ ತಾಪವೂ ಕಬ್ಬಿಣದ ಕಂಬಿಯ ತಾಪವೂ ಒಂದೇ ಇದ್ದರೂ ಕೈಗೆ ಹೆಚ್ಚು ಸುಡುವುದು ಕಂಬಿಯೇ. ನಮ್ಮ ಚರ್ಮ ಅಳೆಯುವುದು ತಾಪವನ್ನಲ್ಲ, ಉಷ್ಣ ಬಂದು ಸೇರುವ ವೇಗವನ್ನು.

ದ್ರವ ಮತ್ತು ಅನಿಲಗಳಲ್ಲಿ ಕಣಗಳೇ ಉಷ್ಣವನ್ನು ಹೊತ್ತು ಸಾಗುವುದು ಸಂವಹನ. ಕಾದ ನೀರು ಹಿಗ್ಗಿ ಹಗುರಾಗಿ ಮೇಲೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಇದನ್ನು ನೋಡಲು ರಾಗಿಮುದ್ದೆಯ ಪಾತ್ರೆಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ಎಸರು ಬರಿ ನೀರಾಗಿರುವಷ್ಟು ಹೊತ್ತು ತಾನೇ ಸುತ್ತುತ್ತ ತಳದ ಬಿಸಿಯನ್ನು ಮೇಲಕ್ಕೆ ತರುತ್ತದೆ. ಹಿಟ್ಟು ಹಾಕಿ ಗಟ್ಟಿಯಾದೊಡನೆ ಆ ಓಡಾಟ ನಿಲ್ಲುತ್ತದೆ. ಉಳಿಯುವುದು ನಿಧಾನದ ವಹನ ಮಾತ್ರ. ತಳಕ್ಕೆ ಬಂದ ಉಷ್ಣ ಮೇಲೆ ಹೋಗಲಾರದೆ ಅಲ್ಲೇ ಸೇರಿಕೊಂಡು ಹಿಟ್ಟು ಸೀಯುತ್ತದೆ. ಮುದ್ದೆಕೋಲಿನಿಂದ ತಿರುವುವುದೆಂದರೆ ನಿಂತುಹೋದ ಸಂವಹನವನ್ನು ರಟ್ಟೆಯ ಬಲದಿಂದ ನಡೆಸುವುದು. ಮುದ್ದೆ ತಟ್ಟೆಗೆ ಬಂದ ಮೇಲೂ ಹೊರಗೆ ಆರಿ, ಒಳಗೆ ಬಾಯಿ ಸುಡುವುದು ಇದೇ ಕಾರಣಕ್ಕೆ.

ಮೂರು ದಾರಿಗಳೂ ಒಂದೇ ಕೋಣೆಯಲ್ಲಿ ಸೇರುವ ಜಾಗ ಹೊಗೆಸೊಪ್ಪಿನ ಬ್ಯಾರನ್. ಅರಕಲಗೂಡು ತಾಲ್ಲೂಕಿನಲ್ಲಿ, ಅದರಲ್ಲೂ ರಾಮನಾಥಪುರದ ಸುತ್ತಮುತ್ತ, ವರ್ಜೀನಿಯಾ ತಂಬಾಕು ಬೆಳೆಯುತ್ತಾರೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಎತ್ತರದ ಕೋಣೆಯೊಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಸೌದೆಯ ಒಲೆಯ ಬಾಯಿ ಹೊರಗಿರುತ್ತದೆ. ಬಿಸಿ ಹೊಗೆ ನೆಲದ ಮೇಲಿನ ತಗಡಿನ ಕೊಳವೆಗಳಲ್ಲಿ ಸುತ್ತಿ ಚಿಮಣಿಯಿಂದ ಹೊರಬೀಳುತ್ತದೆ. ಹೊಗೆ ಸೊಪ್ಪನ್ನು ಮುಟ್ಟುವುದೇ ಇಲ್ಲ. ತಗಡನ್ನು ದಾಟುವಾಗ ವಹನ, ಕೊಳವೆಗೆ ತಾಗಿ ಕಾದ ಗಾಳಿ ಸಾಲುಗಳ ನಡುವೆ ಏರುವಾಗ ಸಂವಹನ, ಕೆಳಸಾಲಿನ ಎಲೆಗಳಿಗೆ ಕೊಳವೆಯಿಂದಲೇ ನೇರವಾಗಿ ತಾಗುವುದು ವಿಕಿರಣ.

ಬೆಂಕಿಯನ್ನು ಒಮ್ಮೆಲೇ ಜೋರು ಮಾಡುವಂತಿಲ್ಲ. ಮೊದಲು ಸುಮಾರು 35 ಡಿಗ್ರಿಯಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ನಿಧಾನವಾಗಿ ಬಿಸಿ ಏರಿಸಿ ಎಲೆಯನ್ನು ಒಣಗಿಸಬೇಕು, ಕೊನೆಗೆ 70 ಡಿಗ್ರಿಯ ಆಸುಪಾಸಿನಲ್ಲಿ ನಡುವಿನ ದಪ್ಪ ನರ ಒಣಗಬೇಕು. ಅವಸರ ಮಾಡಿದರೆ ಎಲೆ ಬೆಂದು ಕಂದಾಗುತ್ತದೆ. ಹಸಿ ಸೊಪ್ಪಿನ ತೂಕದಲ್ಲಿ ಹೆಚ್ಚಿನ ಪಾಲು ನೀರು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಸಾಕು. ಕುದಿಯುವ ಒಂದು ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಬೇಕು. ತಾಪ ಏರಿಸದೆ ಸ್ಥಿತಿಯನ್ನಷ್ಟೇ ಬದಲಿಸುವ ಈ ಉಷ್ಣಕ್ಕೆ ಗುಪ್ತೋಷ್ಣ ಎಂದು ಹೆಸರು. ಬ್ಯಾರನ್ ಸೌದೆಯನ್ನು ನುಂಗಲು ಇದೂ ಒಂದು ಕಾರಣ. ಒಣಗಿದ ಸೊಪ್ಪು ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಕೋಣೆಗೇ ಬೆಂಕಿ ಹತ್ತುವ ಭಯ ಬೇರೆ. ರಾತ್ರಿಯಿಡೀ ಯಾರಾದರೂ ಕಾಯುತ್ತಿರಲೇಬೇಕು.

ಕಾದ ವಸ್ತು ಸಾಮಾನ್ಯವಾಗಿ ಹಿಗ್ಗುತ್ತದೆ. ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಬೆಳೆಯುತ್ತದೆ. ಹೊಳೆನರಸೀಪುರದ ಮೇಲೆ ಹೋಗುವ ಮೈಸೂರು–ಹಾಸನ ರೈಲು ಮಾರ್ಗದಲ್ಲಿ 13 ಮೀಟರಿನ ಒಂದು ಹಳಿಯನ್ನು ಊಹಿಸಿಕೊಳ್ಳಿ: ಮುಂಜಾನೆಯಿಂದ ಮಧ್ಯಾಹ್ನಕ್ಕೆ 30 ಡಿಗ್ರಿ ಬಿಸಿಯೇರಿದರೆ ಅದು ಸುಮಾರು 4.7 ಮಿಲಿಮೀಟರ್ ಉದ್ದವಾಗುತ್ತದೆ. ಹಿಂದೆ ಇದಕ್ಕಾಗಿಯೇ ಹಳಿಗಳ ನಡುವೆ ಸಂದು ಬಿಡುತ್ತಿದ್ದರು. ಈಗಿನ ಬೆಸುಗೆ ಹಾಕಿದ ಉದ್ದ ಹಳಿಗಳನ್ನು ಸ್ಲೀಪರ್ ಮತ್ತು ಜಲ್ಲಿ ಬಿಗಿಯಾಗಿ ಹಿಡಿದಿರುತ್ತವೆ. ಹಿಗ್ಗಲಾಗದ ಉಕ್ಕು ಒಳಗೇ ಒತ್ತಡ ತಾಳುತ್ತದೆ. ಎತ್ತಿನಗಾಡಿಯ ಚಕ್ರಕ್ಕೆ ಪಟ್ಟಿ ಹಾಕುವ ಕಮ್ಮಾರ ಇದೇ ಗುಣವನ್ನು ಉಪಯೋಗಕ್ಕೆ ತಂದುಕೊಂಡವನು. ಒಂದೂವರೆ ಮೀಟರ್ ವ್ಯಾಸದ ಪಟ್ಟಿ 600 ಡಿಗ್ರಿ ಕಾದರೆ ಸುತ್ತಳತೆ ಮೂರು ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಚಕ್ರಕ್ಕೆ ತೊಡಿಸಿ ನೀರು ಸುರಿದಾಗ ಅದು ಕುಗ್ಗಿ ಮರವನ್ನು ಬಿಗಿದು ಹಿಡಿಯುತ್ತದೆ.

ಕಲ್ಲು ಹೀಗೆ ಒಗ್ಗಿಕೊಳ್ಳುವುದಿಲ್ಲ. ಹಳೆ ಮೈಸೂರು ಸೀಮೆಯಲ್ಲಿ ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ನಿಧಾನವಾಗಿ ಸರಿಸುತ್ತ ಚಪ್ಪಡಿ ಎಬ್ಬಿಸುತ್ತಿದ್ದರು. ಗ್ರಾನೈಟ್ ಉಷ್ಣವನ್ನು ಬೇಗ ಒಳಗೆ ಬಿಡದು. ಮೇಲ್ಪದರ ಹಿಗ್ಗಿ, ತಣ್ಣಗಿನ ಒಳಪದರದಿಂದ ಬಿಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಬಿಟ್ಟಿದೆ ಎಂಬುದು ಸುತ್ತಿಗೆಯಿಂದ ತಟ್ಟಿದಾಗ ಬರುವ ಸದ್ದಿನಿಂದ ತಿಳಿಯುತ್ತಿತ್ತು.

ವಿಕಿರಣಕ್ಕೆ ನಡುವೆ ವಸ್ತುವೇ ಬೇಕಿಲ್ಲ. ಸೂರ್ಯನ ಬಿಸಿಲು ನಮ್ಮನ್ನು ಮುಟ್ಟುವುದು ಹಾಗೆ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಅವು ಇರುವ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಗಾಳಿಯಿಲ್ಲ, ಆದ್ದರಿಂದ ಬೀಸಿ ಆರಿಸುವ ಮಾತೂ ಇಲ್ಲ. ಯಂತ್ರಗಳ ಬಿಸಿ ವಹನದಿಂದ ಉಪಗ್ರಹದ ಹೊರಮೈಗೆ ಬರಬಹುದು. ಅಲ್ಲಿಂದಾಚೆಗೆ ಹೋಗಲು ವಿಕಿರಣವೊಂದೇ ದಾರಿ. ಅದಕ್ಕಾಗಿ ಮೈಯ ಕೆಲವು ಭಾಗಗಳಿಗೆ ಕನ್ನಡಿಯಂಥ ಹಲಗೆಗಳನ್ನು, ಉಳಿದ ಕಡೆ ಉಷ್ಣದ ಹರಿವನ್ನು ತಡೆಯಲು ಹಲವು ಪದರಗಳ ಹೊಳೆಯುವ ಹೊದಿಕೆಯನ್ನು ಹಾಕಿರುತ್ತಾರೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳ ಆಸುಪಾಸಿನಲ್ಲಿ ಈ ಉಪಗ್ರಹಗಳು ಪ್ರತಿ ರಾತ್ರಿ ಭೂಮಿಯ ನೆರಳಿಗೆ ಬೀಳುತ್ತವೆ, ಹೆಚ್ಚೆಂದರೆ 72 ನಿಮಿಷ. ಅಷ್ಟರಲ್ಲಿ ಸೌರಫಲಕಗಳ ತಾಪ ಶೂನ್ಯಕ್ಕಿಂತ ನೂರು ಡಿಗ್ರಿಗೂ ಹೆಚ್ಚು ಕೆಳಗಿಳಿಯುತ್ತದೆ. ಒಳಗಿನ ಭಾಗಗಳು ಹೆಪ್ಪುಗಟ್ಟದಂತೆ ಬ್ಯಾಟರಿಯಿಂದ ಹೀಟರ್‌ಗಳು ನಡೆಯುತ್ತವೆ, ಬಿಸಿಲು ಮತ್ತೆ ಬೀಳುವವರೆಗೆ.